ಏರೋಪ್ಲೇನ್ ಚಿಟ್ಟೆ: ಗಂಡು ಯಾವುದು, ಹೆಣ್ಣು ಯಾವುದು?

ಮೊದಲೇ ಹೇಳಿಬಿಡ್ತೀನಿ, ಬಣ್ಣ ಒಂದನ್ನೇ ನಂಬಬೇಡಿ. ಎಷ್ಟೋ ಜಾತಿಗಳಲ್ಲಿ ಗಂಡು ಕಡುಗೆಂಪು ಅಥವಾ ನೀಲಿ, ಹೆಣ್ಣು ಹಳದಿ ಬೆರೆತ ಕಂದು, ನಿಜ. ಆದರೆ ಹೊಸದಾಗಿ ರೆಕ್ಕೆ ಬಂದ ಗಂಡೂ ಹೆಣ್ಣಿನ ಹಾಗೇ ಮಂಕಾಗಿರುತ್ತದೆ, ಕೆಲವು ಜಾತಿಗಳಲ್ಲಿ ವಯಸ್ಸಾದ ಹೆಣ್ಣು ಗಂಡಿನ ಬಣ್ಣಕ್ಕೆ ತಿರುಗುತ್ತದೆ.

ಸರಿಯಾದ ಗುರುತು ಹೊಟ್ಟೆಯ ಅಡಿಯಲ್ಲಿದೆ. ಬಾಲದ ಹಾಗೆ ಕಾಣುವ ಉದ್ದನೆಯ ಭಾಗವೇ ಹೊಟ್ಟೆ, ಅದರಲ್ಲಿ 10 ಖಂಡಗಳು. ಪಕ್ಕದಿಂದ ನೋಡಿ. ರೆಕ್ಕೆಗಳ ಹಿಂದೆಯೇ, 2ನೇ ಖಂಡದ ಕೆಳಗೆ ಸಣ್ಣ ಉಬ್ಬು ಕಂಡರೆ ಅದು ಗಂಡು. ಕೂಡುವ ಮೊದಲು ಗಂಡು ತನ್ನ ವೀರ್ಯವನ್ನು ಹೊಟ್ಟೆಯ ತುದಿಯ ಹತ್ತಿರದಿಂದ ಇಲ್ಲಿಗೆ ತಂದಿಟ್ಟುಕೊಳ್ಳುತ್ತದೆ, ಆಮೇಲೆ ತುದಿಯ ಕೊಂಡಿಗಳಿಂದ ಹೆಣ್ಣಿನ ತಲೆಯನ್ನು ಹಿಡಿಯುತ್ತದೆ, ಹೆಣ್ಣು ಹೊಟ್ಟೆ ಬಗ್ಗಿಸಿ ಆ ಉಬ್ಬಿಗೆ ತಾಗಿಸುತ್ತದೆ. ಎಂಥ ಅದ್ಭುತ ಅಲ್ವಾ! ಜೋಡಿ ಹೀಗೆ ಚಕ್ರದಂತೆ ಸುತ್ತಿಕೊಂಡಿರುವಾಗ ಸಿಕ್ಕರೆ ಬಿಡಬೇಡಿ, ಎರಡನ್ನೂ ಹೋಲಿಸಿ ಕಲಿಯಲು ಇದಕ್ಕಿಂತ ಒಳ್ಳೆ ಅವಕಾಶ ಇಲ್ಲ.

ಹೆಣ್ಣಿನ ಹೊಟ್ಟೆ ಸಾಮಾನ್ಯವಾಗಿ ಸ್ವಲ್ಪ ದಪ್ಪ, ಆ ಉಬ್ಬು ಇರುವುದಿಲ್ಲ.

ನಡವಳಿಕೆಯೂ ಸಹಾಯಕ್ಕೆ ಬರುತ್ತದೆ. ನೀರಿನ ಅಂಚಿನಲ್ಲಿ ಒಂದೇ ಕಡ್ಡಿಗೆ ಮತ್ತೆ ಮತ್ತೆ ಬಂದು ಕೂತು, ಬೇರೆಯವನ್ನು ಅಟ್ಟಿಸಿಕೊಂಡು ಹೋಗುವುದು ಹೆಚ್ಚಾಗಿ ಗಂಡು. ಹೊಟ್ಟೆಯ ತುದಿಯಿಂದ ನೀರನ್ನು ಪಟಪಟನೆ ಮುಟ್ಟುತ್ತಿದ್ದರೆ ಅದು ಮೊಟ್ಟೆ ಇಡುತ್ತಿರುವ ಹೆಣ್ಣು.

ಹತ್ತಿರ ಹೋಗುವಾಗ ನಿಧಾನ, ತುಂಬಾ ನಿಧಾನ. ಅಲುಗಾಟವನ್ನು ಅವು ಬೇಗ ಗುರುತಿಸುತ್ತವೆ. ಹಿಡಿಯಲು ಹೋಗಬೇಡಿ, ಪಕ್ಕದಿಂದ ಫೋಟೋ ತೆಗೆದು ಆಮೇಲೆ ಜೂಮ್ ಮಾಡಿ ನೋಡಿ.