ಕರಪತ್ರ ಬಿಟ್ಟು ನೋಟ್‌ಬುಕ್ ಹಿಡಿದೆ

ಸ್ಟೇಷನರಿ ಅಂಗಡಿ ಶುರು ಮಾಡಿದ ಮೊದಲ ವರ್ಷ 2,000 ಕರಪತ್ರ ಅಚ್ಚು ಹಾಕಿಸಿದೆ. ಇದನ್ನು ತಂದು ತೋರಿಸಿದರೆ ರಿಯಾಯಿತಿ ಅಂತ ಕೆಳಗೆ ಬರೆಸಿದ್ದೆ. ತಿಂಗಳಾದ ಮೇಲೆ ಗಲ್ಲಾದೊಳಗೆ ಎತ್ತಿಟ್ಟಿದ್ದ ಕರಪತ್ರ ಎಣಿಸಿದರೆ ಬರೀ 9. ಅದರಲ್ಲಿ 6 ಮೊದಲಿಂದಲೂ ಬರುತ್ತಿದ್ದವರು ತಂದದ್ದು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆದರೆ ‘ತಂದು ತೋರಿಸಿ’ ಅಂತ ಬರೆಸದೇ ಇದ್ದಿದ್ದರೆ ಈ ಲೆಕ್ಕವೂ ಸಿಗುತ್ತಿರಲಿಲ್ಲ. ಅವತ್ತಿನಿಂದ ಪ್ರಚಾರಕ್ಕೆ ಏನೇ ಮಾಡಿದರೂ, ಯಾರು ಅದನ್ನು ನೋಡಿ ಬಂದರು ಅಂತ ಗೊತ್ತಾಗುವ ಒಂದು ದಾರಿ ಇಟ್ಟುಕೊಂಡೇ ಮಾಡುತ್ತೇನೆ.

ನನ್ನ ವ್ಯಾಪಾರ ತಿರುಗಿದ್ದು ಒಂದು ನೋಟ್‌ಬುಕ್‌ನಿಂದ. ಒಂದು ಮಧ್ಯಾಹ್ನ ಒಬ್ಬರು ಬಂದು, ದಪ್ಪ ಹಾಳೆಯ ಡ್ರಾಯಿಂಗ್ ಪುಸ್ತಕ ಇದೆಯಾ ಅಂತ ಕೇಳಿದರು. ‘ಇಲ್ಲ’ ಅಂದೆ, ಹೊರಟುಹೋದರು. ಅದನ್ನೇ ಮೊನ್ನೆ ಇನ್ಯಾರೋ ಕೇಳಿದ್ದರಲ್ವಾ ಅನಿಸಿತು. ಯಾರು, ಯಾವತ್ತು, ನೆನಪಾಗಲಿಲ್ಲ. ತಕ್ಷಣ ಒಂದು ನೋಟ್‌ಬುಕ್ ತೆಗೆದು, ದಾರದಲ್ಲಿ ಪೆನ್ನು ಕಟ್ಟಿ, ಗಲ್ಲಾ ಪಕ್ಕ ಇಟ್ಟೆ. ನಮ್ಮ ಬಾಯಲ್ಲಿ ‘ಇಲ್ಲ’ ಬಂದಾಗಲೆಲ್ಲ ಅದರಲ್ಲಿ ಒಂದು ಸಾಲು ಬೀಳಬೇಕು: ಏನು ಕೇಳಿದರು, ಯಾವತ್ತು, ಅವರು ಒಪ್ಪಿದರೆ ಫೋನ್ ನಂಬರ್. ಒಂದೇ ವಸ್ತು ಮೂರು ಸಲ ಬಂದರೆ ತರಿಸುತ್ತೇನೆ. ಮಾಲು ಬಂದ ದಿನ ಕೇಳಿದವರಿಗೆ ಮಾತ್ರ ಸಂದೇಶ ಹೋಗುತ್ತದೆ: ‘ನೀವು ಕೇಳಿದ್ದ ಪುಸ್ತಕ ಬಂದಿದೆ. ನಿಮಗೆ ಅಂತ ಒಂದು ಎತ್ತಿಟ್ಟಿದ್ದೇನೆ.’

ಈ ಸಂದೇಶ ನೋಡಿ ಬರುವವರ ಮುಖದಲ್ಲಿ ಬೇರೆಯದೇ ಖುಷಿ ಇರುತ್ತದೆ. ತಾವು ಹೇಳಿದ್ದನ್ನು ಯಾರೋ ನೆನಪಿಟ್ಟುಕೊಂಡಿದ್ದಾರಲ್ಲ ಅಂತ. ಅವರೇ ಮುಂದಿನ ಸಲ ಇನ್ನೊಬ್ಬರನ್ನು ಕರೆತರುತ್ತಾರೆ. ದೊಡ್ಡ ಮಳಿಗೆಯವರ ಬೆಲೆಗೆ ನಾವು ಪೈಪೋಟಿ ಕೊಡೋಕಾಗಲ್ಲ. ಆದರೆ ಹೀಗೆ ನೆನಪಿಟ್ಟುಕೊಳ್ಳುವುದು ನಮಗೆ ಅವರಿಗಿಂತ ಸುಲಭ.

ಸಂದೇಶಕ್ಕೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಇಲ್ಲಿ ಮಾತ್ರ ನಾನು ಎಡವಿದೆ. ಇದ್ದಬದ್ದ ನಂಬರನ್ನೆಲ್ಲ ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳಿಸುವ ಪಟ್ಟಿಗೆ ಸೇರಿಸಿ, ದಿನಾ ಬೆಳಿಗ್ಗೆ ಏನಾದರೊಂದು ಕಳಿಸುತ್ತಿದ್ದೆ. ಕೆಲವರು ಬ್ಲಾಕ್ ಮಾಡಿದರು. ಎಷ್ಟೋ ಜನರಿಗೆ ತಲುಪಿಯೇ ಇರಲಿಲ್ಲ. ಒಂದು ಪಟ್ಟಿಗೆ 256 ನಂಬರ್ ಮಾತ್ರ ಹಿಡಿಯುತ್ತದೆ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಹೋಗುತ್ತದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಈಗ ಬಿಲ್ ಕೊಡುವಾಗಲೇ ಕೇಳುತ್ತೇನೆ, ‘ಹೊಸ ಮಾಲು ಬಂದಾಗ ತಿಳಿಸಲಾ? ಹಾಗಾದ್ರೆ ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ.’ ಬೇಡ ಅಂದವರನ್ನು ಒತ್ತಾಯ ಮಾಡುವುದಿಲ್ಲ. ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಸಂದೇಶವೂ ಇಲ್ಲ.

ಇನ್ನು ಗೂಗಲ್ ಮ್ಯಾಪ್. ಅಲ್ಲಿ ಅಂಗಡಿಯ ಜಾಗ, ಸಮಯ ಎಲ್ಲ ತೋರಿಸುವ ಬಿಸಿನೆಸ್ ಪ್ರೊಫೈಲ್ ಮಾಡಲು ದುಡ್ಡು ಕೊಡಬೇಕಿಲ್ಲ. ನಾನು ಒಂದು ಸಲ ಮಾಡಿ ಮರೆತುಬಿಟ್ಟಿದ್ದೆ. ವಾರದ ರಜೆ ಬದಲಾಯಿಸಿದಾಗ ಅಲ್ಲಿ ತಿದ್ದಲಿಲ್ಲ. ಒಂದು ರಜೆಯ ದಿನ ಫೋನ್ ಬಂತು. ‘ಮ್ಯಾಪಲ್ಲಿ ತೆರೆದಿದೆ ಅಂತಿದೆ, ನಿಮ್ಮ ಬಾಗಿಲ ಮುಂದೆ ನಿಂತಿದ್ದೀನಿ.’ ಅವರ ದನಿಯಲ್ಲಿದ್ದ ಬೇಸರ ಇವತ್ತಿಗೂ ನನ್ನ ಕಿವಿಯಲ್ಲಿದೆ. ತಪ್ಪು ಪೂರ್ತಿ ನನ್ನದೇ. ಅವತ್ತೇ ಕೂತು ಎಲ್ಲ ಸರಿಮಾಡಿದೆ. ಪಿನ್ ಹಿಂದಿನ ಬೀದಿಯಲ್ಲಿತ್ತು, ಬಾಗಿಲಿಗೆ ತಂದೆ. ವಿಭಾಗದಲ್ಲಿ ಬರೀ ‘ಅಂಗಡಿ’ ಅಂತಿತ್ತು, ‘ಸ್ಟೇಷನರಿ ಅಂಗಡಿ’ ಮಾಡಿದೆ. ಹುಡುಕಿದವರಿಗೆ ಯಾವ ಅಂಗಡಿ ಮೊದಲು ತೋರಿಸಬೇಕು ಅಂತ ಗೂಗಲ್ ತೀರ್ಮಾನಿಸುವುದು ಮುಖ್ಯವಾಗಿ ಮೂರು ನೋಡಿ: ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡಕ್ಕೆ ಸ್ವಲ್ಪ ದುಡಿಯಬಹುದು.

ಹೆಸರು ಮಾಡುವುದಕ್ಕೆ ರಿವ್ಯೂ ನೆರವಾಗುತ್ತದೆ. ಖುಷಿಯಿಂದ ಹೊರಡುತ್ತಿರುವವರನ್ನು ಅಲ್ಲೇ ಕೌಂಟರಿನಲ್ಲಿ ಕೇಳಿಬಿಡಿ, ಮನೆಗೆ ಹೋದ ಮೇಲೆ ಯಾರಿಗೂ ನೆನಪಿರಲ್ಲ. ನಾನು ರಿವ್ಯೂ ಬರೆಯುವ ಪುಟ ತೆರೆಯುವ ಕ್ಯೂಆರ್ ಕೋಡ್ ಅಲ್ಲೇ ಅಂಟಿಸಿದ್ದೇನೆ. ರಿವ್ಯೂ ಬರೆದರೆ ರಿಯಾಯಿತಿ ಅಂತ ಮಾತ್ರ ಹೇಳಲೇಬೇಡಿ, ಅದು ಗೂಗಲ್ ನಿಯಮಕ್ಕೇ ವಿರುದ್ಧ. ಬೈದು ಬರೆದವರಿಗೂ ಮರ್ಯಾದೆಯಿಂದ ಉತ್ತರ ಕೊಡಿ. ಅದನ್ನು ಓದುವುದು ಬೈದವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವ ಗಿರಾಕಿ.

ಬೋರ್ಡಿನ ಬಗ್ಗೆಯೂ ಒಂದು ಮಾತು. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನಿಮ್ಮ ಅಂಗಡಿ ನೋಡಿ. ನಾನು ನೋಡಿದಾಗ ನಮ್ಮ ಹೆಸರು ಚೆನ್ನಾಗಿ ಕಾಣುತ್ತಿತ್ತು, ಏನು ಮಾರುತ್ತೇವೆ ಅನ್ನುವುದು ಎಲ್ಲೂ ಇರಲಿಲ್ಲ. ಹೆಸರಿನ ಕೆಳಗೆ ದೊಡ್ಡಕ್ಷರದಲ್ಲಿ ‘ಪುಸ್ತಕ, ಪೆನ್ನು, ಬಣ್ಣ’ ಅಂತ ಬರೆಸಿದ ವಾರದಲ್ಲೇ ಒಬ್ಬರು ಒಳಗೆ ಬಂದು, ‘ದಿನಾ ಇದೇ ದಾರೀಲಿ ಹೋಗ್ತೀನಿ, ಇಲ್ಲಿ ಬಣ್ಣ ಸಿಗುತ್ತೆ ಅಂತ ಗೊತ್ತೇ ಇರಲಿಲ್ಲ’ ಅಂದರು.

ಆ ನೋಟ್‌ಬುಕ್ ತುಂಬಿ ಈಗ ನಾಲ್ಕನೆಯದು ನಡೆಯುತ್ತಿದೆ. ಈ ವಾರದ ಪುಟದಲ್ಲಿ ಎಡಗೈಯವರ ಕತ್ತರಿ ಮೂರನೇ ಸಲ ಬಂದಿದೆ. ನಾಳೆ ಬೆಳಿಗ್ಗೆ ಸಗಟು ಅಂಗಡಿಗೆ ಫೋನ್ ಮಾಡಬೇಕು.