ವ್ಯೂ ಟವರಿನ ಎಸ್ಟಿಮೇಟನ್ನು ಕನ್ನಡದಲ್ಲಿ ಓದಿದ ದಿನ

ಕೇರಳದ ಗಡಿನಾಡು ಮಂಜೇಶ್ವರ ತಾಲೂಕಿನ ನಮ್ಮ ಪಂಚಾಯತಿನಲ್ಲಿ, ಯೋಜನೆ ರೂಪಿಸುವ ವರ್ಕಿಂಗ್ ಗ್ರೂಪಿಗೆ ನಾನು ಸೇರಿದಾಗ ಪ್ರವಾಸೋದ್ಯಮದ ಕಡತದಲ್ಲಿ ಇದ್ದದ್ದು ಒಂದೇ ಯೋಜನೆ: ಪದವು, ಅಂದರೆ ಮುರಕಲ್ಲಿನ ಬೋಳುಗುಡ್ಡೆಯ ನೆತ್ತಿಯಲ್ಲಿ ವ್ಯೂ ಟವರ್, ಸುತ್ತ ನೆಲಕ್ಕೆ ಇಂಟರ್‌ಲಾಕ್ ಸಿಮೆಂಟ್ ಕಲ್ಲಿನ ಹಾಸು.

ಆ ಪದವು ಬಯಲನ್ನು ಮಳೆಗಾಲದಲ್ಲಿ ನೋಡಬೇಕು. ಮುರಕಲ್ಲಿನ ಹಾಸಿನ ಮೇಲೆ ತೆಳ್ಳಗೆ ನೀರು ನಿಂತು, ಕೀಟ ಹಿಡಿದು ತಿನ್ನುವ ಗಿಡಗಳ ಪುಟ್ಟ ನೀಲಿ ಹೂಗಳು ಇಡೀ ಬಯಲಿಗೆ ಹರಡಿರುತ್ತವೆ. ಇಂಗಿದ ನೀರೇ ಬೇಸಿಗೆಯಲ್ಲಿ ಕೆಳಗಿನ ತೋಟಗಳಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ತೋಡಿದ ಸುರಂಗಗಳಲ್ಲಿ ಒಸರುವುದು.

2022ರಲ್ಲಿ ಕೇರಳ ಸರಕಾರ ಪಂಚಾಯತುಗಳ ಪ್ರವಾಸಿ ತಾಣಗಳಿಗಾಗಿ ‘ಡೆಸ್ಟಿನೇಶನ್ ಚಾಲೆಂಜ್’ ಎಂಬ ಯೋಜನೆ ತಂದಾಗ ಎಲ್ಲರಿಗೂ ಹುರುಪು. ವೆಚ್ಚದ ಶೇಕಡಾ 60ನ್ನು, ಗರಿಷ್ಠ 50 ಲಕ್ಷದವರೆಗೆ, ಪ್ರವಾಸೋದ್ಯಮ ಇಲಾಖೆ ಕೊಡುತ್ತದೆ. ಉಳಿದ 40 ನಮ್ಮದು. ರಸ್ತೆ, ಕುಡಿಯುವ ನೀರಿಗೂ ನಮಗಿರುವುದು ಅದೇ ಗಂಟು.

ಎಸ್ಟಿಮೇಟು ಮಲಯಾಳದಲ್ಲಿತ್ತು. ಗ್ರಾಮಸಭೆಯಲ್ಲಿ ನಾನು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿದೆ. ಅದುವರೆಗೆ ಸುಮ್ಮನೆ ಕೂತಿದ್ದ, ಸುರಂಗ ತೋಡಿಯೇ ಬದುಕಿದ ಹಿರಿಯರೊಬ್ಬರು ಎದ್ದರು: “ಮಾಷ್ಟ್ರೇ, ಗುಡ್ಡೆ ನೀರು ಕುಡಿಯದಿದ್ರೆ ನಮ್ಮ ಸುರಂಗಕ್ಕೆ ಎಲ್ಲಿಂದ ಬರುವುದು?” ಇಂಜಿನಿಯರರ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ.

ಆಮೇಲೆ ನಾವು ಪ್ರತಿ ಯೋಜನೆಗೂ ಎರಡು ಪ್ರಶ್ನೆ ಕಡ್ಡಾಯ ಮಾಡಿದೆವು. ನೀರಿನ ದಾರಿ ಎಲ್ಲಿ ಕಡಿಯುತ್ತದೆ? ಮೂರನೇ ವರ್ಷ ಗುಡಿಸುವವರ ಸಂಬಳ ಯಾರದ್ದು? ಎರಡನೆಯದು ಹೆಚ್ಚು ಕಷ್ಟದ್ದು. ಕಟ್ಟಲು ಯೋಜನಾ ನಿಧಿಯಿದೆ. ಕಟ್ಟಿದ್ದನ್ನು ನಡೆಸುವ ಖರ್ಚು ಬೀಳುವುದು ಪಂಚಾಯತಿನ ಸ್ವಂತ ವರಮಾನದ ಮೇಲೆ. ಅಂದರೆ ಕಟ್ಟಡ ತೆರಿಗೆ, ಲೈಸೆನ್ಸ್ ಶುಲ್ಕ. ನಮ್ಮಂಥ ಸಣ್ಣ ಪಂಚಾಯತಿಗೆ ಅದೆಷ್ಟು ಬಂದೀತು? ಬೀಗ ಬಿದ್ದ ಶೌಚಾಲಯಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಟವರ್ ಬಿಟ್ಟೆವು. ವಾಹನಗಳಿಗೆ ಗುಡ್ಡೆಯ ಬುಡದಲ್ಲೇ ತಡೆ, ಅಲ್ಲೇ ಶೌಚಾಲಯ. ಯೋಜನಾ ನಿಧಿಯಲ್ಲಿ ಹೆಂಗಸರ ಕೆಲಸಗಳಿಗೆಂದು, ಮಹಿಳಾ ಘಟಕ ಯೋಜನೆಗೆ, ಮೀಸಲಿಡಬೇಕಾದ ಶೇಕಡಾ 10ರಿಂದ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರಿಗೊಂದು ತಿಂಡಿ ಅಂಗಡಿ. ಪಾರ್ಕಿಂಗ್ ಹಣ, ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರ ಕೂಲಿಗೆ ಮಾತ್ರ ಎಂದು ನಿರ್ಣಯ ಬರೆಸಿದೆವು. ಆ ಒಂದು ಸಾಲಿಗಾಗಿ ಮೂರು ಮೀಟಿಂಗ್ ಜಗಳವಾಡಿದ್ದೇನೆ, ಇವತ್ತೂ ಆಡುತ್ತೇನೆ.

ಒಂದು ತಪ್ಪು ನನ್ನದೇ. ಶೌಚಾಲಯಕ್ಕೆ ಮಳೆಗಾಲದ ನೀರಿನ ಲೆಕ್ಕ ಹಿಡಿದಿದ್ದೆ. ಮಾರ್ಚಿನಲ್ಲಿ ಟ್ಯಾಂಕಿ ಒಣಗಿತು, ಅಂಗಡಿಯ ಅಕ್ಕಂದಿರು ಎರಡು ತಿಂಗಳು ಕೊಡದಲ್ಲಿ ನೀರು ಹೊತ್ತರು. ಮರುವರ್ಷದ ಯೋಜನೆಯಲ್ಲಿ ನಾನು ಮೊದಲು ಬರೆಸಿದ್ದು ಆ ಶೌಚಾಲಯದ ಮಾಡಿನ ಮಳೆನೀರು ಹಿಡಿಯುವ ದೊಡ್ಡ ಟ್ಯಾಂಕಿಯನ್ನು.