ಪಕ್ಕದ ದೇಶದಲ್ಲಿ ಸರ್ಕಾರ ಬದಲಾದರೆ ಏನೇನು ನೋಡಬೇಕು?

ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಟೊಮೆಟೊ ಹರಾಜು ಕೂಗುವಾಗ, ಢಾಕಾದ ರಾಜಕೀಯ ನಮಗ್ಯಾಕೆ ಅನ್ನಬೇಡಿ. ನಮ್ಮ ಹಣ್ಣು ಬಾಂಗ್ಲಾದೇಶಕ್ಕೂ ಹೋಗುತ್ತದೆ ಅಲ್ವಾ? 2024ರ ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟಾಗ ಗಡಿ ವ್ಯಾಪಾರ ಕೆಲವು ದಿನ ನಿಂತೇಹೋಯಿತು.

ಮೊದಲು ಚುನಾವಣೆ ಭಾಷಣ ಪಕ್ಕಕ್ಕಿಡಿ. ಆ ದೇಶದ ಸಾಲ ಎಷ್ಟಿದೆ, ಅಕ್ಕಿ-ಎಣ್ಣೆ ಎಲ್ಲಿಂದ ಬರುತ್ತದೆ ನೋಡಿ. ಮಾಲ್ಡೀವ್ಸ್‌ನ ಮುಯಿಝು 2023ರ ಅಧ್ಯಕ್ಷ ಚುನಾವಣೆಯಲ್ಲಿ ಭಾರತದ ಸೈನಿಕರು ಹೊರಡಲಿ ಅಂತ ಹೇಳಿಯೇ ಗೆದ್ದರು, 2024ರ ಮೇ ಹೊತ್ತಿಗೆ ಸೈನಿಕರು ಹೊರಟರು, ಆದರೆ ಡಾಲರ್ ಕೊರತೆ ಜಾಸ್ತಿಯಾದಾಗ ಅದೇ ಅಕ್ಟೋಬರ್‌ನಲ್ಲಿ ಅವರೇ ದೆಹಲಿಗೆ ಬಂದರು, 40 ಕೋಟಿ ಡಾಲರ್ ಕರೆನ್ಸಿ ವಿನಿಮಯದ (ತಮ್ಮ ಹಣ ಕೊಟ್ಟು ಡಾಲರ್ ಪಡೆದು ಆಮೇಲೆ ಹಿಂದಿರುಗಿಸುವ) ಒಪ್ಪಂದವೂ ಆಯಿತು.

ಆಮೇಲೆ ಹಳೆ ಒಪ್ಪಂದಗಳು. ಸರ್ಕಾರ ಬದಲಾದರೂ ಅವು ಉಳಿಯಬಹುದು. ನಮ್ಮಲ್ಲೇ 1977ರಲ್ಲಿ ಇಂದಿರಾ ಗಾಂಧಿ ಸೋತು ಜನತಾ ಸರ್ಕಾರ ಬಂತು, ಅವರು ಸೋವಿಯತ್ ಒಕ್ಕೂಟದ ಜೊತೆ ಮಾಡಿದ್ದ 1971ರ ಸ್ನೇಹ ಒಪ್ಪಂದ ಹಾಗೇ ಉಳಿಯಿತು. ಜೊತೆಗೆ ವಿದೇಶಾಂಗ ಸಚಿವ ವಾಜಪೇಯಿ 1979ರಲ್ಲಿ ಚೀನಾಕ್ಕೂ ಹೋಗಿಬಂದರು.

ಲೋಡ್ ಕಳಿಸುವವರು ಸುಮ್ನೆ ಟಿವಿ ನೋಡುತ್ತಾ ಕೂರಬೇಡಿ. ಗಡಿ ಗೇಟ್ ತೆರೆದಿದೆಯಾ ಅಂತ ಏಜೆಂಟ್‌ಗೆ ಫೋನ್ ಮಾಡಿ ಕೇಳಿ. ಲಾರಿ ಬಿಸಿಲಲ್ಲಿ ನಿಂತರೆ ಕೆಳಗಿನ ಬಾಕ್ಸ್‌ಗಳಿಂದಲೇ ರಸ ಸೋರಲು ಶುರುವಾಗುತ್ತದೆ.